ಬೀ ಆರ್ಕಿಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಸೀಮೆಸುಣ್ಣದ ಗುಡ್ಡಗಳ ಹುಲ್ಲಿನಲ್ಲಿ ಜೂನ್ ತಿಂಗಳಲ್ಲಿ ಅರಳುವ ನೆಲದ ಆರ್ಕಿಡ್ ಇದು. ಸಸ್ಯಶಾಸ್ತ್ರದ ಹೆಸರು ಓಫ್ರಿಸ್ ಏಪಿಫೆರಾ. ಅಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರು ಹಿತ್ತಿಲಿನಲ್ಲಿ ಇದನ್ನು ಕಂಡು ಕೇಳುತ್ತಾರೆ, ಊರಿನಲ್ಲಿರುವ ಆರ್ಕಿಡ್ ಪ್ರಿಯರು ಫೋಟೋ ನೋಡಿ ಕೇಳುತ್ತಾರೆ. ಮೇಲಿಂದ ಮೇಲೆ ಬರುವ ಪ್ರಶ್ನೆಗಳನ್ನು ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಎಂಬಂತೆ ಜೋಡಿಸಿದ್ದೇವೆ.

## ಗುರುತು ಮತ್ತು ನೆಲೆ

ಹುಲ್ಲಿನಲ್ಲಿ ಜೇನುನೊಣ ಕೂತ ಹಾಗೆ ಕಾಣೋ ಹೂವು ಬಂದಿದೆ. ಬೀ ಆರ್ಕಿಡ್ಡೇ ಅಂತ ಖಚಿತ ಮಾಡ್ಕೊಳ್ಳೋದು ಹೇಗೆ?

ಮೊದಲು ತಿಂಗಳು ನೋಡಿ. ಬ್ರಿಟನ್ನಿನಲ್ಲಿ ಇದು ಹೂ ಬಿಡುವುದು ಜೂನ್, ಜುಲೈನಲ್ಲಿ. ಏಪ್ರಿಲ್‌ನಲ್ಲೇ ಅರಳಿದ್ದರೆ ಅದು ಬಹುಶಃ ಅರ್ಲಿ ಸ್ಪೈಡರ್ ಆರ್ಕಿಡ್. ಅದರ ಹೊರದಳಗಳು ಹಸಿರು. ಬೀ ಆರ್ಕಿಡ್‌ನ ಮೂರು ಹೊರದಳಗಳು ಗುಲಾಬಿ, ಕೆಲವೊಮ್ಮೆ ಬಿಳಿ, ನಡುವೆ ಹಸಿರು ಗೆರೆ. ಅವುಗಳ ಮಧ್ಯೆ ಕಂದು ಬಣ್ಣದ, ಮಖಮಲ್ಲಿನಂಥ ತುಟಿದಳ, ಅಂದರೆ ಜೇನುನೊಣದ ಮೈಯಂತೆ ಕಾಣುವ ಕೆಳದಳ. ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ. ಎರಡು ಪಕ್ಕದಲ್ಲೂ ರೋಮದ ಪುಟ್ಟ ಉಬ್ಬು, ಮೇಲುಭಾಗದಲ್ಲಿ ಹಳದಿ ಅಂಚಿನ ನುಣುಪಾದ ಚಿತ್ತಾರ. ಒಂದು ದಂಟಿನಲ್ಲಿ ಸಾಮಾನ್ಯವಾಗಿ ಎರಡರಿಂದ ಏಳು ಹೂವು, ಎತ್ತರ 15ರಿಂದ 50 ಸೆಂಟಿಮೀಟರ್.

ಗೊಂದಲ ಬರುವುದು ಲೇಟ್ ಸ್ಪೈಡರ್ ಆರ್ಕಿಡ್ ಜೊತೆ. ಬ್ರಿಟನ್ನಿನಲ್ಲಿ ಅದಿರುವುದು ಕೆಂಟ್ ಕೌಂಟಿಯಲ್ಲಿ ಮಾತ್ರ, ಅಲ್ಲೂ ಅಪರೂಪ. ಅನುಮಾನವಿದ್ದರೆ ತುಟಿದಳದ ತುದಿ ನೋಡಿ: ಬೀ ಆರ್ಕಿಡ್‌ನಲ್ಲಿ ತುದಿಯ ಹಳದಿ ಕುಡಿ ಹಿಂದಕ್ಕೆ ಮಡಚಿಕೊಂಡಿರುತ್ತದೆ, ಎದುರಿನಿಂದ ಕಾಣುವುದಿಲ್ಲ. ಲೇಟ್ ಸ್ಪೈಡರ್‌ನಲ್ಲಿ ಅದು ಮುಂದಕ್ಕೆ ಚಾಚಿರುತ್ತದೆ.

ಸೀಮೆಸುಣ್ಣದ ಹುಲ್ಲುಗಾವಲು ಅಂದ್ರೆ ಹೇಗಿರತ್ತೆ? ಅಲ್ಲಿ ಮಾತ್ರ ಬೆಳೆಯತ್ತಾ?

ಆಗ್ನೇಯ ಇಂಗ್ಲೆಂಡಿನ ನಾರ್ತ್ ಡೌನ್ಸ್, ಸೌತ್ ಡೌನ್ಸ್, ಚಿಲ್ಟರ್ನ್ಸ್ ಗುಡ್ಡಗಳು ಕ್ರಿಟೇಶಿಯಸ್ ಯುಗದ ಸಮುದ್ರದ ತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳು ಕೂತು ಆದ ಸೀಮೆಸುಣ್ಣದ ಕಲ್ಲು. ಅದರ ಮೇಲಿನ ಮಣ್ಣು ಎಷ್ಟೋ ಕಡೆ ಒಂದು ಗೇಣೂ ಇಲ್ಲ. ಮಳೆ ಬಿದ್ದ ನೀರು ನಿಲ್ಲದೆ ಇಳಿದುಹೋಗುತ್ತದೆ, ಮಣ್ಣಿನ ಪಿಎಚ್ 7.5ರಿಂದ 8ರ ಆಸುಪಾಸು. ರಂಜಕ, ಸಾರಜನಕ ಎರಡೂ ಕಡಿಮೆ. ಇಂಥ ಬಡ ಮಣ್ಣಿನಲ್ಲಿ ಉದ್ದ ಹುಲ್ಲು ಸೊಕ್ಕಿ ಬೆಳೆಯಲಾರದು. ಅದಕ್ಕೇ ನೆಲಕ್ಕೆ ಅಂಟಿ ಬೆಳೆಯುವ ಸಣ್ಣ ಗಿಡಗಳಿಗೆ ಬೆಳಕು ಸಿಗುತ್ತದೆ. ನೂರಾರು ವರ್ಷ ಕುರಿ, ಮೊಲ ಮೇಯ್ದು ಹುಲ್ಲನ್ನು ಇನ್ನಷ್ಟು ಗಿಡ್ಡವಾಗಿ ಇಟ್ಟಿದ್ದವು. 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಕೆಂಟ್‌ಗೆ ಕಾಲಿಟ್ಟು ಮೊಲಗಳು ಸಾಮೂಹಿಕವಾಗಿ ಸತ್ತ ಮೇಲೆ ಎಷ್ಟೋ ಗುಡ್ಡಗಳು ಪೊದೆ ಬೆಳೆದು ಮುಚ್ಚಿಹೋದವು.

ಆದರೆ ಬೀ ಆರ್ಕಿಡ್ ಹಟಮಾರಿಯಲ್ಲ. ಸುಣ್ಣದಂಶ ಮತ್ತು ಬರಿ ನೆಲ ಎರಡು ಸಿಕ್ಕರೆ ಹಳೆಯ ಕಲ್ಲುಕ್ವಾರಿ, ರೈಲು ಹಳಿಯ ದಿಬ್ಬ, ರಸ್ತೆಯ ಅಂಚು, ಕಡಲ ಚಿಪ್ಪಿನ ಮರಳುದಿಬ್ಬ, ವಿದ್ಯುತ್ ಸ್ಥಾವರದ ಹಾರುಬೂದಿ ಸುರಿದ ಜಾಗ, ಸುಣ್ಣಯುಕ್ತ ಜೇಡಿಮಣ್ಣು, ಎಲ್ಲೆಂದರಲ್ಲಿ ಹುಟ್ಟುತ್ತದೆ. ಕಾರ್ಖಾನೆಯ ಪಾರ್ಕಿಂಗ್ ಪಕ್ಕದ ಹುಲ್ಲಿನಲ್ಲಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಬೆಡ್‌ಫರ್ಡ್‌ಶೈರ್ ಕೌಂಟಿ ಇದನ್ನು ತನ್ನ ಹೂವಾಗಿ ಆರಿಸಿಕೊಂಡಿದೆ.

ಜೇನುನೊಣದ ವೇಷ ಹಾಕಿ ಗಂಡುನೊಣಕ್ಕೆ ಮೋಸ ಮಾಡತ್ತೆ ಅಂತ ಓದಿದ್ದೆ. ನಮ್ಮ ಗಿಡಕ್ಕೆ ಒಂದು ನೊಣವೂ ಬರಲ್ಲ. ಕಾಯಿ ಹೇಗೆ ಕಟ್ಟತ್ತೆ?

ಮೆಡಿಟರೇನಿಯನ್ ಸೀಮೆಯಲ್ಲಿ ಉದ್ದ ಮೀಸೆಯ ಯೂಸೆರಾ ಜಾತಿಯ ಗಂಡುನೊಣಗಳು ಈ ಹೂವನ್ನು ಹೆಣ್ಣೆಂದು ತಿಳಿದು ಮೇಲೆರಗುವುದುಂಟು. ಬ್ರಿಟನ್ನಿನಲ್ಲಿ ಆ ನಾಟಕ ನಡೆಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಗಿಡ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ.

ಹೂ ಬಿರಿದ ಒಂದೆರಡು ದಿನದಲ್ಲಿ ಹತ್ತಿರ ಕೂತು ನೋಡಿ. ತುಟಿದಳದ ಮೇಲೆ ಹಸಿರು ಕೊಕ್ಕಿನಂತಿರುವ ಭಾಗದೊಳಗಿಂದ ಎರಡು ಹಳದಿ ಪರಾಗದ ಮುದ್ದೆಗಳು ಹೊರಬಂದು ಕೂದಲೆಳೆಯಂಥ ತೊಟ್ಟಿನಲ್ಲಿ ಜೋತುಬೀಳುತ್ತವೆ. ತೊಟ್ಟು ಒಣಗುತ್ತ ಬಾಗಿದ ಹಾಗೆ ಮುದ್ದೆ ನೇರವಾಗಿ ಶಲಾಕಾಗ್ರದ (ಹೂವಿನಲ್ಲಿ ಪರಾಗ ಹಿಡಿಯುವ ಅಂಟಿನ ಭಾಗ) ಎದುರಿಗೆ ಬರುತ್ತದೆ. ಗಾಳಿ ಬೀಸಿದರೆ ತೂಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಬಹುತೇಕ ಪ್ರತಿ ಹೂವೂ ಕಾಯಿ ಕಟ್ಟುವುದು ಇದರಿಂದಲೇ. ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಆರ್ಕಿಡ್‌ಗಳ ಪರಾಗಸ್ಪರ್ಶದ ಬಗ್ಗೆ ಬರೆದಾಗ ಈ ಒಂದು ಗಿಡ ಅವನನ್ನು ಬಹಳ ಕಾಡಿತ್ತು: ಕೀಟಕ್ಕಾಗಿ ಇಷ್ಟೆಲ್ಲ ಅಲಂಕಾರ ಮಾಡಿಕೊಂಡ ಹೂವು ಸ್ವಪರಾಗಸ್ಪರ್ಶಕ್ಕೆ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನೂ ಇಟ್ಟುಕೊಂಡಿದೆಯಲ್ಲ ಎಂದು. ಕುಂಡದಲ್ಲಿ ಬೆಳೆಸುವವರು ಕುಂಚ ಹಿಡಿದು ಪರಾಗ ಸವರುವ ಅಗತ್ಯವಿಲ್ಲ. ಒಳಗೆ ಗಾಳಿಯಾಡದ ಜಾಗದಲ್ಲಿ ಇಟ್ಟಿದ್ದರೆ ದಂಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಸಾಕು.

ಹೋದ ವರ್ಷ ಹತ್ತಾರು ಗಿಡ ಇತ್ತು. ಈ ಸಲ ಒಂದೂ ಇಲ್ಲ. ಸತ್ತೇಹೋಯ್ತಾ?

ಅವಸರದಲ್ಲಿ ತಿಥಿ ಮಾಡಬೇಡಿ. ಬೀ ಆರ್ಕಿಡ್ ಒಂದು ಸಲ ಹೂ ಬಿಟ್ಟು ಸಾಯುತ್ತದೆ ಎಂಬ ಮಾತು ಬಹಳ ಕಾಲ ಓಡಾಡಿತ್ತು. ಅದು ಸರಿಯಲ್ಲ, ಒಂದೇ ಗಿಡ ಹಲವು ವರ್ಷ ಹೂ ಬಿಡಬಲ್ಲದು. ಆದರೆ ಪ್ರತಿ ವರ್ಷ ಬಿಡಲೇಬೇಕೆಂದಿಲ್ಲ. ಹೂವಿನ ವರ್ಷ ಗೆಡ್ಡೆಯ ಸಂಗ್ರಹ ಖರ್ಚಾಗಿರುತ್ತದೆ, ಮುಂದಿನ ವರ್ಷ ಬರೀ ಎಲೆ ಬರಬಹುದು, ಅಥವಾ ನೆಲದ ಮೇಲೆ ಏನೂ ಕಾಣದೆ ಗಿಡ ಗೆಡ್ಡೆಯಾಗಿಯೇ ಉಳಿದುಬಿಡಬಹುದು. ಬೇಸಿಗೆಯ ಕೊನೆ, ಶರತ್ಕಾಲ ಒಣಗಿಹೋದರೆ ಎಲೆ ತಡವಾಗಿ, ಸಣ್ಣದಾಗಿ ಬರುತ್ತದೆ. ಮುಂದಿನ ಜೂನ್‌ನಲ್ಲಿ ಹೂವು ಕಡಿಮೆ.

ಪರೀಕ್ಷೆ ಮಾಡಬೇಕಾದ ತಿಂಗಳು ಜೂನ್ ಅಲ್ಲ, ನವೆಂಬರ್. ಹೋದ ವರ್ಷ ಗಿಡವಿದ್ದ ಜಾಗದಲ್ಲಿ ಮಂಡಿಯೂರಿ ಹುಲ್ಲು ಸರಿಸಿ ನೋಡಿದರೆ, ಬೂದು-ಹಸಿರಿನ, ತುದಿ ಚೂಪಾದ ನಾಲ್ಕೈದು ಎಲೆಗಳು ನೆಲಕ್ಕೆ ಒತ್ತಿಕೊಂಡು ಚಕ್ರದಂತೆ ಹರಡಿರುತ್ತವೆ. ಇದ್ದರೆ ಗಿಡ ಬದುಕಿದೆ. ಪಕ್ಕದಲ್ಲಿ ಒಂದು ಗುರುತಿನ ಕಡ್ಡಿ ನೆಡಿ.

ಬೈಪಾಸ್ ರಸ್ತೆ ಪಕ್ಕದಲ್ಲಿ ನೂರಾರು ಇವೆ. ಒಂದು ಕಿತ್ತು ಮನೆಗೆ ತಂದ್ರೆ ಏನಾಗತ್ತೆ?

ಕಾನೂನಿಗೆ ತಪ್ಪು, ಗಿಡಕ್ಕೆ ಸಾವು. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಪ್ರಕಾರ ಜಾಗದ ಒಡೆಯರ ಅನುಮತಿಯಿಲ್ಲದೆ ಬ್ರಿಟನ್ನಿನಲ್ಲಿ ಯಾವ ಕಾಡುಗಿಡವನ್ನೂ ಬೇರು ಸಮೇತ ಕೀಳುವಂತಿಲ್ಲ. ರಸ್ತೆಯ ಅಂಚಿಗೂ ಒಡೆಯರಿದ್ದಾರೆ. ಉತ್ತರ ಐರ್ಲೆಂಡಿನಲ್ಲಂತೂ ಇದು ವಿಶೇಷ ರಕ್ಷಣೆಯ ಪಟ್ಟಿಯಲ್ಲೇ ಇದೆ.

ಗಿಡದ ಕಥೆ ಇನ್ನೂ ಸರಳ. ಹೂ ಬಿಟ್ಟ ಗಿಡದ ಬುಡದಲ್ಲಿ ಎರಡು ಗೆಡ್ಡೆ ಇರುತ್ತವೆ. ಒಂದು ಹಳೆಯದು, ಈ ವರ್ಷದ ಹೂವಿಗೆ ಕರಗಿ ಸುಕ್ಕಾಗುತ್ತಿರುವುದು. ಇನ್ನೊಂದು ಮುಂದಿನ ವರ್ಷಕ್ಕಾಗಿ ಆಗಷ್ಟೇ ತುಂಬಿಕೊಳ್ಳುತ್ತಿರುವುದು. ಹೂವಿನ ಹೊತ್ತಿನಲ್ಲಿ ಕಿತ್ತರೆ ಹಳೆಯದು ಖಾಲಿ, ಹೊಸದು ಅರೆಬೆಳೆದದ್ದು, ಬೇರಿನಲ್ಲಿದ್ದ ಶಿಲೀಂಧ್ರದ ಸಂಬಂಧ ಕಡಿದುಹೋದದ್ದು. ಒಂದು ವಾರ ಕುಂಡದಲ್ಲಿ ಚೆಂದ ಕಾಣುತ್ತದೆ, ಆಮೇಲೆ ಮುಗಿಯಿತು. ಗಿಡ ಬೇಕಿದ್ದರೆ ಬೀಜದಿಂದ ಬೆಳೆಸಿದ್ದೆಂದು ಲಿಖಿತವಾಗಿ ಹೇಳುವ ನರ್ಸರಿಯಿಂದ, ಗೆಡ್ಡೆ ನಿದ್ದೆಯಲ್ಲಿರುವ ಜುಲೈ-ಆಗಸ್ಟ್‌ನಲ್ಲಿ ಕೊಳ್ಳಿ.

## ಹಿತ್ತಿಲಿನ ಹುಲ್ಲಿನಲ್ಲಿ

ತಾನಾಗಿ ಬಂದಿದೆ. ಹುಲ್ಲು ಯಾವಾಗ ಕತ್ತರಿಸಬೇಕು, ಎಷ್ಟು ಎತ್ತರಕ್ಕೆ?

ಇಡೀ ಆರೈಕೆಯಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಇದಕ್ಕೆ ಸರಿಯಾಗಿ ನಡೆದುಕೊಂಡರೆ ಉಳಿದ ತಪ್ಪುಗಳನ್ನು ಗಿಡ ಮನ್ನಿಸುತ್ತದೆ.

ಮಾರ್ಚ್ ಕೊನೆಗೆ ಮಶೀನು ಒಳಗಿಡಿ. ಏಪ್ರಿಲ್‌ನಿಂದ ದಂಟು ಏಳಲು ಶುರು. ಒಮ್ಮೆ ಕತ್ತರಿಸಿದ ದಂಟು ಆ ವರ್ಷ ಮತ್ತೆ ಚಿಗುರುವುದಿಲ್ಲ. ಹೂ ಜೂನ್‌ನಲ್ಲಿ, ಕಾಯಿ ಮಾಗುವುದು ಜುಲೈ ಕೊನೆಯಿಂದ ಆಗಸ್ಟ್ ನಡುವೆ. ಕಾಯಿ ಕಂದಾಗಿ, ಏಣುಗಳ ನಡುವೆ ಸೀಳು ಬಿಟ್ಟು, ತಟ್ಟಿದರೆ ಧೂಳು ಹಾರಿದರೆ ಮಾಗಿದೆ ಎಂದರ್ಥ. ಆಮೇಲೆ ಕತ್ತರಿಸಿ, ಸುಮಾರು 5 ಸೆಂಟಿಮೀಟರಿಗೆ. ಕತ್ತರಿಸಿದ ಹುಲ್ಲನ್ನು ಎರಡು ಮೂರು ದಿನ ಅಲ್ಲೇ ಒಣಗಲು ಬಿಟ್ಟು, ಬೀಜ ಉದುರಿದ ಮೇಲೆ ಪೂರ್ತಿ ಗುಡಿಸಿ ತೆಗೆಯಿರಿ. ಬಿಟ್ಟರೆ ಕೊಳೆತು ಗೊಬ್ಬರವಾಗುತ್ತದೆ, ಹೊಸ ಎಲೆಯನ್ನೂ ಮುಚ್ಚುತ್ತದೆ.

ಸೆಪ್ಟೆಂಬರ್‌ನಲ್ಲಿ ಹೊಸ ಎಲೆಚಕ್ರ ಬರುತ್ತದೆ. ಅದಕ್ಕೂ ಮುಂಚೆ ಇನ್ನೊಂದು ಸಲ ಗಿಡ್ಡಗೆ ಕತ್ತರಿಸಿದರೆ ಒಳ್ಳೆಯದು. ಅಕ್ಟೋಬರ್ ನಂತರ ಹುಲ್ಲು ಎದ್ದರೆ ಅಲಗನ್ನು 7–8 ಸೆಂಟಿಮೀಟರಿಗೆ ಏರಿಸಿ ಒಂದು ಸುತ್ತು ಹೊಡೆಯಬಹುದು. ಎಲೆ ನೆಲಕ್ಕೆ ಅಂಟಿರುವುದರಿಂದ ಪೆಟ್ಟಾಗುವುದಿಲ್ಲ. ಮಶೀನಿನ ಚಕ್ರ ಎಲೆಯ ಮೇಲೆ ಹಾಯದಂತೆ ಮಾತ್ರ ಕಡ್ಡಿ ನೋಡಿಕೊಂಡು ನಡೆಯಿರಿ.

ಪ್ಲಾಂಟ್‌ಲೈಫ್ ಸಂಸ್ಥೆ ಮೇ ತಿಂಗಳಲ್ಲಿ ಹುಲ್ಲು ಕತ್ತರಿಸಬೇಡಿ ಎಂದು ಅಭಿಯಾನ ಮಾಡುತ್ತದೆ. ಒಳ್ಳೆಯ ಕೆಲಸ, ಆದರೆ ಜೂನ್ 1ಕ್ಕೆ ಸರಿಯಾಗಿ ಮಶೀನು ಓಡಿಸುವವರು ಬೀ ಆರ್ಕಿಡ್‌ನ ಮೊಗ್ಗನ್ನೇ ಕತ್ತರಿಸುತ್ತಾರೆ. ಇಡೀ ಹಿತ್ತಿಲು ಬಿಡಲಾಗದಿದ್ದರೆ ಗಿಡದ ಸುತ್ತ ಒಂದು ಮೀಟರ್ ಜಾಗ ಬಿಡಿ, ಉಳಿದದ್ದನ್ನು ಎಂದಿನಂತೆ ಕತ್ತರಿಸಿ. ನೆರೆಯವರಿಗೂ ಅದು ಬೇಕೆಂದೇ ಬಿಟ್ಟದ್ದೆಂದು ಗೊತ್ತಾಗುತ್ತದೆ.

ಸ್ವಲ್ಪ ಸಗಣಿ ಗೊಬ್ಬರ ಹಾಕಿದ್ರೆ ಹೂವು ಜಾಸ್ತಿ ಬರಲ್ವಾ?

ಬರುವುದಿಲ್ಲ, ಇರುವುದೂ ಹೋಗುತ್ತದೆ. ಗೊಬ್ಬರ ತಿಂದು ಮೊದಲು ಎದ್ದು ನಿಲ್ಲುವುದು ರೈಗ್ರಾಸ್, ಬಿಳಿ ಕ್ಲೋವರ್, ದಂಡೇಲಿಯನ್. ಚಳಿಗಾಲದ ಎಲೆಚಕ್ರ ಅವುಗಳ ನೆರಳಲ್ಲಿ ಹಳದಿಯಾಗಿ ಕರಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ರಂಜಕ: ಸಾರಜನಕ ಕೆಲವು ವರ್ಷಗಳಲ್ಲಿ ತೊಳೆದುಹೋಗುತ್ತದೆ, ರಂಜಕ ಸುಣ್ಣದ ಮಣ್ಣಿಗೆ ಅಂಟಿ ದಶಕಗಟ್ಟಲೆ ಕೂರುತ್ತದೆ. ಲಾನ್‌ಗೆ ಹಾಕುವ ಕಳೆನಾಶಕ ಬೆರೆತ ಗೊಬ್ಬರ ಇನ್ನೂ ಅಪಾಯ. ಅದರಲ್ಲಿರುವ ಅಗಲೆಲೆ ಕಳೆಯ ವಿಷ ಆರ್ಕಿಡ್ ಎಲೆಯನ್ನೂ ಸುಡುತ್ತದೆ. ಪಾಚಿಗೆಂದು ಹಾಕುವ ಕಬ್ಬಿಣದ ಸಲ್ಫೇಟ್ ಮಣ್ಣನ್ನು ಹುಳಿ ಮಾಡುತ್ತದೆ. ಶಿಲೀಂಧ್ರನಾಶಕವನ್ನಂತೂ ಹತ್ತಿರ ತರಲೇಬೇಡಿ; ಗಿಡ ಬದುಕಿರುವುದೇ ಶಿಲೀಂಧ್ರದ ಹಂಗಿನಲ್ಲಿ.

ನಮ್ಮ ಹಿತ್ತಿಲಲ್ಲಿ ಫಲವತ್ತಾದ ಕಪ್ಪು ಮಣ್ಣು. ಮೇಲೆ ಸುಣ್ಣದಪುಡಿ ಉದುರಿಸಿದ್ರೆ ಸಾಕಾ?

ಸಾಲದು. ಸುಣ್ಣ ಪಿಎಚ್ ಏರಿಸುತ್ತದೆ, ಮಣ್ಣಿನ ಕೊಬ್ಬು ಇಳಿಸುವುದಿಲ್ಲ. ಮೊದಲು ಒಂದು ಚಮಚ ಒಣಮಣ್ಣಿಗೆ ವಿನೆಗರ್ ಹನಿಸಿ ನೋಡಿ. ಚುರ್ರೆಂದು ನೊರೆ ಬಂದರೆ ಸುಣ್ಣ ಈಗಾಗಲೇ ಇದೆ. ಹಾಗಿದ್ದರೆ ಹುಲ್ಲು ಕತ್ತರಿಸಿ ಹೊರಹಾಕುತ್ತ ನಾಲ್ಕೈದು ವರ್ಷ ಮಣ್ಣನ್ನು ಬಡವಾಗಿಸಿದರೆ ಸಾಕು. ಹುಲ್ಲಿನ ಸೊಕ್ಕು ಮುರಿಯಲು ಯೆಲ್ಲೋ ರ‍್ಯಾಟಲ್ ಬಿತ್ತಿ. ಅದು ಹುಲ್ಲಿನ ಬೇರಿಗೆ ಬಾಯಿಡುವ ಅರೆಪರಾವಲಂಬಿ ಗಿಡ. ಶರತ್ಕಾಲದಲ್ಲಿ ಹುಲ್ಲನ್ನು ಬೋಳಿಸಿ, ಅರ್ಧದಷ್ಟು ಮಣ್ಣು ಕಾಣುವ ತನಕ ಕುಂಟೆಯಲ್ಲಿ ಕೆರೆದು, ಚದರ ಮೀಟರಿಗೆ ಒಂದು ಗ್ರಾಂ ಹೊಸ ಬೀಜ ಎರಚಬೇಕು. ಚಳಿ ಸಿಗದೆ ಅದು ಮೊಳೆಯುವುದಿಲ್ಲ, ಹಳೆ ಬೀಜ ಏಳುವುದೂ ಇಲ್ಲ.

ನೊರೆ ಬರದಿದ್ದರೆ ಬೇರೆಯೇ ಪಾತಿ ಮಾಡಬೇಕು. ಬಿಸಿಲು ಬೀಳುವ, ದಕ್ಷಿಣಕ್ಕೆ ಇಳಿಜಾರಾದ ಜಾಗ ಆರಿಸಿ. ಮೇಲ್ಮಣ್ಣು ಪೂರ್ತಿ ತೆಗೆದು ತರಕಾರಿ ಪಾತಿಗೆ ಕೊಡಿ. ಅಲ್ಲಿ 20ರಿಂದ 30 ಸೆಂಟಿಮೀಟರ್ ದಪ್ಪಕ್ಕೆ ಪುಡಿಮಾಡಿದ ಸೀಮೆಸುಣ್ಣದ ಕಲ್ಲು ಅಥವಾ ಸುಣ್ಣಕಲ್ಲಿನ ಜಲ್ಲಿ-ಪುಡಿ ಮಿಶ್ರಣ ಸುರಿದು, ಕಾಲಿನಿಂದ ಒತ್ತಿ, ಒಂದು ಮಳೆಗಾಲ ಕೂರಲು ಬಿಡಿ. ಆಮೇಲೆ ಶೀಪ್ಸ್ ಫೆಸ್ಕ್ಯೂ ಹುಲ್ಲು, ಕ್ವೇಕಿಂಗ್ ಗ್ರಾಸ್, ಬರ್ಡ್ಸ್‌ಫುಟ್ ಟ್ರೆಫಾಯಿಲ್, ಕಾಡು ಥೈಮ್, ಸ್ಯಾಲಡ್ ಬರ್ನೆಟ್ ತೆಳುವಾಗಿ ಬಿತ್ತಿ. ಮೊದಲ ಎರಡು ವರ್ಷ ಪಾತಿ ಬೋಳುಬೋಳಾಗಿ ಕಾಣುತ್ತದೆ, ಬೇಕಾದ್ದೂ ಅದೇ. ಇಟ್ಟಿಗೆ ಗಾರೆಗೆ ಬಳಸುವ ಸುಟ್ಟ ಸುಣ್ಣವನ್ನು ಮಾತ್ರ ಹಾಕಬೇಡಿ, ಅದು ಬೇರು ಸುಡುತ್ತದೆ.

ಮೊಗ್ಗು ಬಂದಿತ್ತು, ಬೆಳಿಗ್ಗೆ ನೋಡಿದ್ರೆ ದಂಟೇ ಇಲ್ಲ. ಯಾರ ಕೆಲಸ?

ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದಂತಿದ್ದರೆ ಮೊಲ. ಕಚ್ಚಿ ಎಳೆದಂತೆ ನಾರುನಾರಾಗಿದ್ದರೆ ಜಿಂಕೆ. ಅರ್ಧ ಕೆರೆದು ಬೆಳ್ಳಗೆ ಲೋಳೆಯ ಗೆರೆ ಬಿಟ್ಟಿದ್ದರೆ ಸಿಂಬಳದ ಹುಳು ಅಥವಾ ಬಸವನಹುಳು. ಮೊಲಕ್ಕೆ ಕೋಳಿಜಾಲರಿಯ ಗೂಡು ಸಾಕು, ಏಪ್ರಿಲ್‌ನಲ್ಲೇ ಹಾಕಿ. ಹುಳುವಿಗೆ ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಖಚಿತ ಮದ್ದು. ಎಲೆಯ ತುದಿ ಮಾತ್ರ ಮಾರ್ಚ್‌ನಿಂದ ಕಪ್ಪಾಗುತ್ತಿದ್ದರೆ ಅದು ರೋಗವಲ್ಲ. ಹಿಮ ತಾಗಿದ ಗುರುತು. ಹೂ ಬಿಡುವ ಹೊತ್ತಿಗೆ ಬುಡದ ಎಲೆ ಒಣಗುವುದಂತೂ ಈ ಗಿಡದ ಪದ್ಧತಿ.

## ಕುಂಡದಲ್ಲಿ

ಮಲೆನಾಡಲ್ಲಿ ಸೀತಾಳೆ ದಂಡೆನ ಇದ್ದಿಲು, ತೆಂಗಿನ ನಾರಲ್ಲಿ ಬೆಳೆಸ್ತೀವಿ. ಇದಕ್ಕೂ ಹಾಗೇನಾ?

ಅಲ್ಲ. ಸೀತಾಳೆ ದಂಡೆ ಮರದ ಮೇಲಿನದು; ಅದರ ಬೇರು ಗಾಳಿಯಲ್ಲಿ ತೇವ ಹೀರುತ್ತದೆ. ಬೀ ಆರ್ಕಿಡ್ ಮಣ್ಣಿನೊಳಗಿನ ಗೆಡ್ಡೆಗಿಡ, ಅದಕ್ಕೆ ಮಣ್ಣೇ ಬೇಕು, ಖನಿಜವೇ ಬೇಕು. ತೆಂಗಿನ ನಾರು ಒಳಗೊಳಗೇ ನೀರು ಹಿಡಿದು ಗೆಡ್ಡೆ ಕೊಳೆಸುತ್ತದೆ. ಅಂಗಡಿಯಲ್ಲಿ ಆರ್ಕಿಡ್ ಮಿಕ್ಸ್ ಎಂದು ಮಾರುವ ತೊಗಟೆಯ ಚೂರು ಮರದ ಮೇಲೆ ಬೆಳೆಯುವ ಫೆಲನಾಪ್ಸಿಸ್‌ಗೆ ಸರಿ, ಇದಕ್ಕಲ್ಲ.

ಮಿಶ್ರಣದ ಅಳತೆ ಹೇಳಿ.

ಎರಡು ಪಾಲು 2–4 ಮಿಲಿಮೀಟರ್ ಗಾತ್ರದ ತೊಳೆದ ಒರಟು ಮರಳು ಅಥವಾ ಗ್ರಿಟ್ (ಸಣ್ಣ ಕಲ್ಲಿನ ಹರಳು). ಒಂದು ಪಾಲು ಗೊಬ್ಬರ ಬೆರೆಸದ ತೋಟದ ಮಣ್ಣು, ಜರಡಿ ಹಿಡಿದದ್ದು. ಒಂದು ಪಾಲು ಬೀಚ್ ಅಥವಾ ಓಕ್ ಮರದ ಎರಡು ವರ್ಷ ಹಳೆಯ ಎಲೆಗೊಬ್ಬರ. ಹತ್ತು ಲೀಟರ್ ಮಿಶ್ರಣಕ್ಕೆ ಎರಡು ದೊಡ್ಡ ಚಮಚ ಸೀಮೆಸುಣ್ಣದ ಕಲ್ಲಿನ ಪುಡಿ ಅಥವಾ ಡಾಲಮೈಟ್ ಪುಡಿ. ಮುಷ್ಟಿಯಲ್ಲಿ ಹಿಡಿದು ಒತ್ತಿ ಬಿಟ್ಟರೆ ಉಂಡೆ ನಿಲ್ಲದೆ ಉದುರಬೇಕು. ನಿಂತರೆ ಇನ್ನಷ್ಟು ಮರಳು ಬೇಕು. ಪೀಟ್ ಬೇಡ, ಅದು ಹುಳಿ.

ಕುಂಡ 10–13 ಸೆಂಟಿಮೀಟರಿನದು, ಅಗಲಕ್ಕಿಂತ ಆಳ ಮುಖ್ಯ. ಮಣ್ಣಿನ ಕುಂಡವಾದರೆ ಅದನ್ನು ಕುತ್ತಿಗೆಯ ತನಕ ಮರಳಿನ ಪೆಟ್ಟಿಗೆಯಲ್ಲಿ ಹೂತಿಡಿ. ತೇವವೂ ಉಷ್ಣತೆಯೂ ಏರುಪೇರಾಗುವುದಿಲ್ಲ. ಗೆಡ್ಡೆಯ ಮೊಳಕೆ ಮೇಲೆ ಬರುವಂತೆ, ಮೊಳಕೆಯ ತುದಿಯ ಮೇಲೆ 2–3 ಸೆಂಟಿಮೀಟರ್ ಮಣ್ಣಿರುವಂತೆ ನೆಡಿ. ಮೇಲೆ ಒಂದು ಸೆಂಟಿಮೀಟರ್ ಗ್ರಿಟ್ ಹಾಸಿ, ಎಲೆಯ ಕುತ್ತಿಗೆ ಒಣಗಿರುತ್ತದೆ. ಹಳೆಯ ಕುಂಡದಿಂದ ಬದಲಾಯಿಸುವಾಗ ಕಾಲು ಭಾಗ ಹಳೆ ಮಣ್ಣನ್ನು ಹೊಸದಕ್ಕೆ ಬೆರೆಸಿ, ಶಿಲೀಂಧ್ರ ಅದರಲ್ಲಿದೆ.

ನೀರು ಯಾವಾಗ ಶುರು, ಯಾವಾಗ ನಿಲ್ಲಿಸೋದು? ನಲ್ಲಿ ನೀರು ಆಗತ್ತಾ?

ಆಗಸ್ಟ್ ಕೊನೆಯಲ್ಲಿ ಒಂದು ಸಲ ಕುಂಡ ಪೂರ್ತಿ ನೆನೆಯುವಂತೆ ಕೊಡಿ. ಮೊಳಕೆ ಮೂಗು ತೋರಿಸುವ ತನಕ ಅಷ್ಟೇ. ಎಲೆ ಬಿಚ್ಚಿದ ಮೇಲೆ ಮೇ ತಿಂಗಳವರೆಗೆ ಹಿಂಡಿದ ಬಟ್ಟೆಯಷ್ಟು ತೇವ ಸದಾ ಇರಬೇಕು. ಬೆಳಿಗ್ಗೆಯೇ ನೀರು ಹಾಕಿ, ಎಲೆಚಕ್ರದ ನಡುವೆ ನೀರು ನಿಲ್ಲದ ಹಾಗೆ ಕುಂಡದ ಅಂಚಿನಿಂದ ಹಾಕಿ. ಚಳಿಗಾಲದಲ್ಲಿ 0ರಿಂದ 10 ಡಿಗ್ರಿ ಸೆಲ್ಸಿಯಸ್ ನಡುವಿನ ಜಾಗ ಹಿತ. ಬಿಸಿ ಮಾಡದ ಗಾಜಿನ ಮನೆ, ಕಿಟಕಿ ತೆರೆದದ್ದು, ಚೆನ್ನಾಗಿ ಹೊಂದುತ್ತದೆ. ಹೀಟರ್ ಇರುವ ಕೋಣೆಯ ಕಿಟಕಿಯಲ್ಲಿ ಇಟ್ಟರೆ ಎಲೆ ಉದ್ದುದ್ದ ಸೊರಗಿ ಮಲಗುತ್ತದೆ.

ಹೂ ಬಾಡಿ ಎಲೆ ಹಳದಿಯಾಗುತ್ತಿದ್ದಂತೆ ನೀರು ಇಳಿಸಿ, ದಂಟು ಒಣಗಿದ ಮೇಲೆ ನಿಲ್ಲಿಸಿ. ಜುಲೈ-ಆಗಸ್ಟ್‌ನಲ್ಲಿ ಕುಂಡ ನೆರಳಿನಲ್ಲಿ, ಮಳೆ ತಾಗದಂತೆ ಇರಲಿ. ಮರಳಿನ ಪೆಟ್ಟಿಗೆಗೆ ಎರಡು ವಾರಕ್ಕೊಮ್ಮೆ ಸ್ವಲ್ಪ ನೀರು ಚಿಮುಕಿಸಿದರೆ ಗೆಡ್ಡೆ ಸುಕ್ಕುಗಟ್ಟುವುದಿಲ್ಲ.

ನಲ್ಲಿ ನೀರು ಆಗುತ್ತದೆ. ಬೇರೆ ಆರ್ಕಿಡ್‌ಗಳಿಗೆ ಗಡಸು ನೀರು ವಿಷ ಎಂದು ಕಲಿತವರು ಇಲ್ಲಿ ಅದನ್ನು ಮರೆಯಬೇಕು. ಲಂಡನ್ ಸುತ್ತಿನ ಸುಣ್ಣದ ನೀರು ಇದಕ್ಕೆ ಮನೆಯ ನೀರಿದ್ದಂತೆ.

ಗೆಡ್ಡೆ ಮೆತ್ತಗಾಗಿ ವಾಸನೆ ಬರ್ತಿದೆ. ಉಳಿಸಬಹುದಾ?

ಮೊದಲು ಯಾವ ಗೆಡ್ಡೆ ನೋಡಿ. ಜೂನ್‌ನಲ್ಲಿ ಕಂದು ಬಣ್ಣಕ್ಕೆ ತಿರುಗಿ ಚಪ್ಪಟೆಯಾದದ್ದು ಹಳೆಯ ಗೆಡ್ಡೆ. ಅದು ಹಾಗೇ ಆಗಬೇಕು. ಪಕ್ಕದಲ್ಲಿ ಬಿಳುಪು-ಹಳದಿಯ, ಬೆರಳಿಗೆ ಗಟ್ಟಿಯಾಗಿ ಸಿಗುವ ಹೊಸದಿದ್ದರೆ ಚಿಂತೆಯಿಲ್ಲ. ಹೊಸದೇ ಮೆತ್ತಗಾಗಿದ್ದರೆ, ಕೊಳೆತ ಭಾಗವನ್ನು ಶುದ್ಧ ಬ್ಲೇಡಿನಿಂದ ಬಿಳಿ ತಿರುಳು ಕಾಣುವ ತನಕ ಕೆತ್ತಿ, ಇದ್ದಿಲ ಪುಡಿ ಅಥವಾ ದಾಲ್ಚಿನ್ನಿ ಪುಡಿ ಸವರಿ, ಎರಡು ದಿನ ನೆರಳಲ್ಲಿ ಒಣಗಿಸಿ, ಬರೀ ಮರಳಿನಲ್ಲಿ ಇಡಿ. ಮೊಳಕೆಯ ಬುಡವೇ ಕೊಳೆತಿದ್ದರೆ ಬಿಟ್ಟುಬಿಡಿ. ಕಾರಣ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಎರಡೇ: ನಿದ್ದೆಯ ತಿಂಗಳಲ್ಲಿ ಮಳೆಗೆ ಸಿಕ್ಕ ಕುಂಡ, ಇಲ್ಲವೇ ಬುಡದಲ್ಲಿ ನೀರು ನಿಲ್ಲುವ ತಟ್ಟೆ.

ಬೆಂಗಳೂರಲ್ಲಿ, ಹೋಗ್ಲಿ ಕೊಡಗಿನಲ್ಲಾದ್ರೂ ಬೆಳೆಸಬಹುದಾ?

ಆಗದು ಎಂದೇ ಹೇಳುತ್ತೇವೆ. ಇದರ ಪಂಚಾಂಗ ನಮ್ಮದಕ್ಕೆ ತಿರುಗುಮುರುಗು. ಸೆಪ್ಟೆಂಬರ್‌ನಿಂದ ಮೇವರೆಗೆ ತಂಪಿನಲ್ಲಿ ಬೆಳೆದು, ಜುಲೈ-ಆಗಸ್ಟ್‌ನಲ್ಲಿ ಒಣಗಿ ಮಲಗುವ ಗಿಡ ಇದು. ಕೊಡಗಿನಲ್ಲಿ ಆ ಎರಡು ತಿಂಗಳು ಮಳೆ ಬಿಡುವು ಕೊಡುವುದಿಲ್ಲ. ಬೆಂಗಳೂರಿನ ಡಿಸೆಂಬರ್ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿಯ ಸುತ್ತಮುತ್ತ, ಇದಕ್ಕೆ ಬೇಕಾದ ಚಳಿ ಸಿಗುವುದಿಲ್ಲ. ಮಾರ್ಚ್-ಏಪ್ರಿಲ್ ಸೆಕೆಗೆ ಗೆಡ್ಡೆ ತುಂಬುವ ಮೊದಲೇ ಎಲೆ ಸುಡುತ್ತದೆ. ತರಿಸುವುದೂ ಸುಲಭವಲ್ಲ: ಆರ್ಕಿಡ್ ಕುಟುಂಬ ಇಡಿಯಾಗಿ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಅಡಿ ಬರುತ್ತದೆ, ಜೊತೆಗೆ ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಆಮದು ಪರವಾನಗಿ, ಸಸ್ಯ ಆರೋಗ್ಯ ಪತ್ರ ಬೇಕು. ಸೂಟ್‌ಕೇಸಿನಲ್ಲಿ ಗೆಡ್ಡೆ ತರುವ ಯೋಚನೆ ಬೇಡ.

ನೆಲದ ಆರ್ಕಿಡ್ ನೋಡುವ ಆಸೆಯಿದ್ದರೆ ಜೂನ್-ಜುಲೈನಲ್ಲಿ ಪಶ್ಚಿಮ ಘಟ್ಟದ ಬೋಳು ಹುಲ್ಲುಗಾವಲಿಗೆ ಹೋಗಿ. ಮೊದಲ ಮಳೆಗೆ ಹಬೆನೇರಿಯಾ ಗ್ರಾಂಡಿಫ್ಲೋರಿಫಾರ್ಮಿಸ್ ನೆಲಕ್ಕೆ ಅಂಟಿದ ಒಂದೆರಡು ದುಂಡೆಲೆ ಹಾಕಿ ಬಿಳಿ ಹೂ ಬಿಡುತ್ತದೆ. ಅದೂ ಗೆಡ್ಡೆಯಾಗಿ ಬೇಸಿಗೆ ಕಳೆಯುತ್ತದೆ, ಅದಕ್ಕೂ ಶಿಲೀಂಧ್ರ ಬೇಕು, ತೆಳು ಮಣ್ಣೇ ಬೇಕು. ಕೀಳದೆ ನೋಡಿ ಬನ್ನಿ.

## ಬೀಜ, ಶಿಲೀಂಧ್ರ, ಪ್ರಯೋಗಾಲಯ

ಕಾಯಿಯಲ್ಲಿ ಸಾವಿರಾರು ಬೀಜ ಅಂತೀರಿ. ಕುಂಡದಲ್ಲಿ ಎರಚಿದ್ರೆ ಒಂದೂ ಬರಲಿಲ್ಲ. ಯಾಕೆ?

ಆ ಬೀಜದಲ್ಲಿ ಬುತ್ತಿಯಿಲ್ಲ. ಕೆಲವೇ ನೂರು ಜೀವಕೋಶಗಳ ಭ್ರೂಣ, ಸುತ್ತ ಬಲೆಯಂಥ ಒಣ ಸಿಪ್ಪೆ, ಅಷ್ಟೇ. ಗಾಳಿಯಲ್ಲಿ ಧೂಳಾಗಿ ಹಾರಲು ಹಗುರ ಬೇಕಿತ್ತು. ಮಣ್ಣಿನಲ್ಲಿ ಟುಲಸ್ನೆಲ್ಲಾ ಗುಂಪಿನ ಶಿಲೀಂಧ್ರದ ಎಳೆ ಬಂದು ಒಳಹೊಕ್ಕು, ಸುರುಳಿ ಸುತ್ತಿ, ಆ ಸುರುಳಿಯನ್ನು ಭ್ರೂಣ ಕರಗಿಸಿ ತಿಂದರೆ ಮಾತ್ರ ಮೊಳಕೆ. ಹೊಸ ಚೀಲದ ಮಣ್ಣಿನಲ್ಲಿ ಆ ಶಿಲೀಂಧ್ರ ಇಲ್ಲ.

ಎರಚುವುದಾದರೆ ಈಗಾಗಲೇ ಬೀ ಆರ್ಕಿಡ್ ಇರುವ ಹುಲ್ಲಿನಲ್ಲಿ, ಗಿಡದಿಂದ ಒಂದೆರಡು ಮೀಟರ್ ಒಳಗೆ ಎರಚಿ. ಸೆಪ್ಟೆಂಬರ್‌ನಲ್ಲಿ ಹುಲ್ಲು ಬೋಳಿಸಿ, ನೆಲ ಕೆರೆದು, ಒಂದು ಕಾಯಿಯ ಬೀಜವನ್ನು ಒಂದು ಲೋಟ ಒಣಮರಳಿಗೆ ಬೆರೆಸಿ ಚೆಲ್ಲಿ. ಬೇರೆಯವರ ಜಾಗದ ಕಾಯಿಯಾದರೆ ಅವರನ್ನು ಕೇಳಿಯೇ ಕೊಯ್ಯಿರಿ. ಬಹುಪಾಲು ಬೀಜ ಸಾಯುತ್ತವೆ. ಮೊಳೆತದ್ದೂ ನೆಲದಡಿಯಲ್ಲೇ ಇದ್ದು, ಎಲೆ ಕಾಣಿಸಲು ಒಂದೆರಡು ವರ್ಷ, ಹೂವಿಗೆ ಇನ್ನೂ ಕೆಲವು ವರ್ಷ ಬೇಕಾಗುತ್ತದೆ.

ಅಗಾರ್ ತಟ್ಟೆಯಲ್ಲಿ ಶಿಲೀಂಧ್ರದ ಜೊತೆ ಬಿತ್ತೋ ವಿಧಾನ ಹಂತಹಂತವಾಗಿ ಹೇಳ್ತೀರಾ?

ಒಂದು ಲೀಟರ್ ನೀರಿಗೆ 3 ಗ್ರಾಂ ನುಣ್ಣಗೆ ಪುಡಿಮಾಡಿದ ಓಟ್ಸ್, 0.1 ಗ್ರಾಂ ಯೀಸ್ಟ್ ಸಾರ, 8 ಗ್ರಾಂ ಅಗಾರ್ (ಕಡಲಪಾಚಿಯಿಂದ ಮಾಡಿದ ಜೆಲ್ಲಿಪುಡಿ). ಓಟ್ಸ್ ಹೆಚ್ಚು ಹಾಕುವ ಆಸೆ ಬೇಡ: ಆಹಾರ ಹೆಚ್ಚಾದರೆ ಶಿಲೀಂಧ್ರ ಕೊಬ್ಬಿ ಬೀಜವನ್ನೇ ತಿಂದುಹಾಕುತ್ತದೆ. ಪ್ರೆಶರ್ ಕುಕ್ಕರ್ ಅಥವಾ ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ 15–20 ನಿಮಿಷ ಕ್ರಿಮಿಶುದ್ಧ ಮಾಡಿ, ತಟ್ಟೆಗೆ ಸುರಿದು ಆರಿಸಿ.

ಬೀಜವನ್ನು ಸೋಸುಕಾಗದದ ಪುಟ್ಟ ಪೊಟ್ಟಣದಲ್ಲಿ ಮಡಚಿ, ಶೇಕಡಾ 0.5ರಿಂದ 1 ಸೋಡಿಯಂ ಹೈಪೊಕ್ಲೋರೈಟ್ ದ್ರಾವಣಕ್ಕೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ, 10–15 ನಿಮಿಷ ಅದ್ದಿ. ಕಂದು ಸಿಪ್ಪೆ ತಿಳಿಯಾಗುತ್ತಿದ್ದಂತೆ ತೆಗೆಯಿರಿ; ಪೂರ್ತಿ ಬೆಳ್ಳಗಾದರೆ ಭ್ರೂಣವೂ ಸತ್ತಿದೆ. ಕ್ರಿಮಿಶುದ್ಧ ನೀರಿನಲ್ಲಿ ಮೂರು ಸಲ ತೊಳೆದು, ಅಗಾರ್ ಮೇಲೆ ತೆಳುವಾಗಿ ಹರಡಿ, ಅಂಚಿನಲ್ಲಿ ಕಡಲೆಬೇಳೆ ಗಾತ್ರದ ಶಿಲೀಂಧ್ರದ ತುಂಡು ಇಡಿ. ತಟ್ಟೆಯ ಬಾಯಿಗೆ ಟೇಪ್ ಸುತ್ತಿ, 20 ಡಿಗ್ರಿಯಲ್ಲಿ ಕತ್ತಲಲ್ಲಿ ಇಡಿ. ಕೆಲವು ವಾರಗಳಲ್ಲಿ ಬೀಜ ಉಬ್ಬಿ, ಬಿಳಿ ರೋಮವಿರುವ ಸಣ್ಣ ಗುಂಡುಗಳಾಗುತ್ತವೆ. ಹಸಿರು, ಕಪ್ಪು, ಗುಲಾಬಿ ಬೂಷ್ಟು ಕಂಡ ತಟ್ಟೆಯನ್ನು ತೆರೆಯದೇ ಎಸೆಯಿರಿ.

ಶಿಲೀಂಧ್ರವೇ ಬೇಡವೆಂದರೆ ಅಮಿನೋ ಆಮ್ಲ, ಸಕ್ಕರೆ, ಅನಾನಸ್ ರಸ ಸೇರಿಸಿದ ಮಾಧ್ಯಮವಿದೆ. ಸ್ವೀಡನ್ನಿನ ಸ್ವಾಂಟೆ ಮಾಲ್ಮ್‌ಗ್ರೆನ್ ಯುರೋಪಿನ ನೆಲದ ಆರ್ಕಿಡ್‌ಗಳಿಗೆ ಅದನ್ನು ರೂಢಿಗೆ ತಂದರು. ಅದರಲ್ಲೂ ಬೀ ಆರ್ಕಿಡ್ ಮೊಳೆಯುತ್ತದೆ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ನಮ್ಮ ಮತ ಓಟ್ಸ್ ಕಡೆಗೇ: ಸಕ್ಕರೆಯಿಲ್ಲದ್ದರಿಂದ ಬೂಷ್ಟು ಕಡಿಮೆ, ಮಣ್ಣಿಗೆ ಬರುವ ಸಸಿ ತನ್ನ ಶಿಲೀಂಧ್ರವನ್ನು ಜೊತೆಗೇ ತರುತ್ತದೆ.

ಅಗಾರ್ ಬಾಟಲಿಯಲ್ಲಿ ಚೆನ್ನಾಗಿದ್ದ ಸಸಿ ಮಣ್ಣಿಗೆ ಹಾಕಿದ ತಿಂಗಳಲ್ಲೇ ಸಾಯತ್ತೆ. ಏನು ತಪ್ಪು?

ಬಹುಪಾಲು ತಪ್ಪು ತಿಂಗಳಿನದು. ಬಾಟಲಿಯಿಂದ ಏಪ್ರಿಲ್‌ನಲ್ಲಿ ತೆಗೆದರೆ ಮುಂದೆ ಬೇಸಿಗೆ. ಗೆಡ್ಡೆ ಕಟ್ಟಲು ಸಮಯವಿಲ್ಲ. ಸಸಿಗೆ ಒಂದು ಸೆಂಟಿಮೀಟರ್ ಎಲೆ, ಒಂದೆರಡು ಬೇರು ಬಂದ ಮೇಲೆ ಬಾಟಲಿಯನ್ನು 5 ಡಿಗ್ರಿಯಲ್ಲಿ ಎರಡರಿಂದ ಮೂರು ತಿಂಗಳು ಇಟ್ಟು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೊರತೆಗೆಯುವಂತೆ ಲೆಕ್ಕ ಹಾಕಿ. ಅಂಟಿದ ಅಗಾರನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ತೊಳೆಯಿರಿ, ಸಕ್ಕರೆಯ ಮಾಧ್ಯಮವಾದರೆ ಇನ್ನೂ ಜಾಗ್ರತೆ. ಉಳಿದ ಚೂರಿಗೆ ಬೂಷ್ಟು ಹತ್ತಿ ಸಸಿಗೂ ಹರಡುತ್ತದೆ. ಮೇಲೆ ಹೇಳಿದ ಮಿಶ್ರಣವನ್ನೇ ಇನ್ನಷ್ಟು ಸಣ್ಣ ಜರಡಿಯಲ್ಲಿ ಹಿಡಿದು ನೆಟ್ಟು, ಎರಡು ವಾರ ಪಾರದರ್ಶಕ ಮುಚ್ಚಳ ಹಾಕಿ, ದಿನವೂ ಸ್ವಲ್ಪ ಸ್ವಲ್ಪ ತೆರೆಯುತ್ತ ಹೊರಗಾಳಿಗೆ ಒಗ್ಗಿಸಿ. ಮೊದಲ ಬೇಸಿಗೆಗೆ ಅವರೆಕಾಳಿನಷ್ಟು ಗೆಡ್ಡೆ ಕಟ್ಟಿದ ಸಸಿಗೆ ಭರವಸೆಯಿದೆ. ಗೆಡ್ಡೆ ಎಣಿಸುವ ಕುತೂಹಲದಿಂದ ಕುಂಡ ಬೋರಲು ಹಾಕಬೇಡಿ, ಜುಲೈವರೆಗೆ ಕಾಯಿರಿ.

ತುಟಿದಳ ಉದ್ದವಾಗಿ ಚೂಪಾಗಿರೋ ಒಂದು ಗಿಡ ಬಂದಿದೆ. ಬೇರೆ ಜಾತಿನಾ? ಅದರ ಬೀಜದಿಂದ ಅದೇ ಬರತ್ತಾ?

ಜಾತಿ ಬೇರೆಯಲ್ಲ. ಅದು ವಾಸ್ಪ್ ಆರ್ಕಿಡ್ ಎಂದು ಕರೆಯುವ ಟ್ರೋಲಿಯೈ ರೂಪ. ತುಟಿ ಕಿರಿದು, ತುದಿ ಚೂಪು, ಕಂದು-ಹಳದಿ ಮಚ್ಚೆ. ಕಂದು ಬಣ್ಣವೇ ಇಲ್ಲದೆ ತುಟಿ ಹಸಿರು-ಹಳದಿಯಾದರೆ ಕ್ಲೋರಾಂಥಾ. ತುಟಿಯ ಮೇಲರ್ಧ ತಿಳಿ, ಕೆಳಗರ್ಧ ಗಾಢ ಕಂದಾದರೆ ಬೈಕಲರ್. ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಕಾರಣ ಇಂಥ ರೂಪಗಳು ಮಕ್ಕಳಲ್ಲೂ ಸಾಮಾನ್ಯವಾಗಿ ಮುಂದುವರಿಯುತ್ತವೆ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕಾಣಿಸಿಕೊಳ್ಳುವುದು ಅದರಿಂದಲೇ. ಆ ಗಿಡದ ಕಾಯಿಗಳಿಗೆ ಬೇರೆ ದಾರ ಕಟ್ಟಿ ಗುರುತು ಮಾಡಿ, ಬೇರೆ ಪೊಟ್ಟಣದಲ್ಲಿ ತಾರೀಕು ಬರೆದು ಒಣಗಿಸಿಡಿ. ಹೂವಿನ ಫೋಟೋ ಎದುರಿನಿಂದ ಒಂದು, ಪಕ್ಕದಿಂದ ಒಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು ನಿಮ್ಮ ಕೌಂಟಿಯ ಸಸ್ಯ ದಾಖಲೆಗಾರರಿಗೆ ಕಳಿಸಿ. ಅಪರೂಪದ ರೂಪವಾದರೆ ಜಾಗದ ವಿವರವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಮೊಬೈಲ್ ಫೋಟೋದಲ್ಲಿ ಸ್ಥಳದ ಗುರುತು ತಾನಾಗಿ ಸೇರಿರುತ್ತದೆ, ಅದನ್ನು ಅಳಿಸಿಯೇ ಹಂಚಿ.